ವಿಂಡೋಸ್‌ನಿಂದ ಮಿಂಟ್‌ಗೆ: ಮೊದಲು ನುಡಿ ಫೈಲು, ಆಮೇಲೆ ಕಂಪ್ಯೂಟರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಾಗಿ ಕೊಡುತ್ತಿದ್ದ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಜಯಪುರದ ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ. ಮಾವನವರ ಡೆಸ್ಕ್‌ಟಾಪ್, ಮಗಳ ಲ್ಯಾಪ್‌ಟಾಪ್, ಒಣದ್ರಾಕ್ಷಿ ವ್ಯಾಪಾರದ ಲೆಕ್ಕಕ್ಕೆ ನಮ್ಮ ಯಜಮಾನರು ಇಟ್ಟುಕೊಂಡಿರುವ ಇನ್ನೊಂದು. ಮೊದಲ ಎರಡಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಇರಬೇಕು. ನಮ್ಮವು ನಾಲ್ಕನೇ ಮತ್ತು ಆರನೇ ತಲೆಮಾರಿನವು. ಮಷಿನ್ ಎರಡೂ ಚೆನ್ನಾಗಿ ಓಡುತ್ತಿದ್ದವು. ಅವನ್ನು ಗುಜರಿಗೆ ಹಾಕಿ ಹೊಸದು ತರುವ ಮನಸ್ಸು ಯಾರಿಗೂ ಇರಲಿಲ್ಲ.

ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಒಂದು ವರ್ಷದ ವಾಯಿದೆ ಅಷ್ಟೇ. ವಾಯಿದೆ ಮುಗಿದ ಮೇಲೆ ಮತ್ತೆ ಅದೇ ತಲೆಬಿಸಿ. ಅದಕ್ಕೇ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್‌ಗೆ, ಅದರಲ್ಲೂ ಮಿಂಟ್ ಎಂಬ ಬಗೆಗೆ ಹೋಗುವುದು ಅಂತ ನಾನು ಮತ್ತು ಮಗಳು ಸೇರಿ ತೀರ್ಮಾನ ಮಾಡಿದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಕಂಪ್ಯೂಟರ್ ಎಂಜಿನಿಯರ್ ಏನಲ್ಲ. ಆದರೂ ಇದನ್ನು ಬರೆಯುವುದಕ್ಕೆ ಕಾರಣವಿದೆ. ಲಿನಕ್ಸ್ ಹಾಕುವುದು ಹೇಗೆ ಎಂದು ಹೇಳುವ ವಿಡಿಯೋ ಬೇಕಾದಷ್ಟಿವೆ. ಆದರೆ ನಮ್ಮಂಥ ಮನೆಗಳಲ್ಲಿ ಕೈ ಹಿಡಿದು ನಿಲ್ಲಿಸುವುದು ಹಾಕುವ ಕೆಲಸವಲ್ಲ, ಹಳೆಯ ಕನ್ನಡ ಫೈಲುಗಳು. ಅದರ ಬಗ್ಗೆ ಹೇಳುವವರು ಕಡಿಮೆ.

ನಮ್ಮ ಮಾವನವರು ನಿವೃತ್ತ ಮಾಸ್ತರರು. ಡೊಳ್ಳಿನ ಹಾಡು, ಹಂತಿ ಪದ ಸಂಗ್ರಹಿಸುವ ಹುಚ್ಚು ಅವರಿಗೆ. ಹಳ್ಳಿ ಹಳ್ಳಿ ತಿರುಗಿ ಕ್ಯಾಸೆಟ್‌ನಲ್ಲಿ ಹಿಡಿದುಕೊಂಡು ಬಂದ ಹಾಡುಗಳನ್ನು ತಾವೇ ಕೂತು ಟೈಪ್ ಮಾಡಿಟ್ಟಿದ್ದಾರೆ. ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಕಂಪ್ಯೂಟರ್ ಬದಲಿಸುತ್ತೇವೆ ಅಂದಾಗ ಅವರು ಹೇಳಿದ್ದು ಒಂದೇ ಮಾತು: "ನನ್ನ ಹಾಡು ಕಳೀಬಾರ್ದು, ನನ್ನ ಕೀಬೋರ್ಡ್ ಬದಲಾಗಬಾರ್ದು. ಅಷ್ಟು ಇಟ್ಟು ಉಳಿದದ್ದು ಏನರ ಮಾಡವಾ."

ಈ ಎರಡು ಷರತ್ತಿಗಾಗಿಯೇ ನಾವು ಕೆಲಸವನ್ನು ಹಿಂದುಮುಂದು ಮಾಡಿದೆವು. ಕಂಪ್ಯೂಟರ್ ಮುಟ್ಟಲಿಲ್ಲ. ವಿಂಡೋಸ್ ಇರುವಾಗಲೇ ಅದರ ಮೇಲೆ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಹಾಕಿಕೊಟ್ಟೆವು. ಇವು ಮೂರೂ ಲಿನಕ್ಸ್‌ನಲ್ಲೂ ಇರುವಂಥವು. ವರ್ಡ್ ಬದಲು ಲಿಬ್ರೆಆಫೀಸ್ ಬಂದಾಗ ಮಾವನವರು ಎರಡು ದಿನ ಗೊಣಗಿದರು, ಆಮೇಲೆ ಸುಮ್ಮನಾದರು. ಅತ್ತೆಯವರಿಗೆ ಬೇಕಾಗಿದ್ದು ಯೂಟ್ಯೂಬ್ ಒಂದೇ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಬೆಳಿಗ್ಗೆ ಹಚ್ಚಿಕೊಟ್ಟರೆ ಆಯಿತು. ಒಂದೇ ಸಲ ಎಲ್ಲಾ ಬದಲಾದರೆ ದೊಡ್ಡವರಿಗೆ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ ಬರುತ್ತದೆ. ಮೊದಲು ಕೈಗೆ ರೂಢಿಯಾದರೆ, ಕೆಳಗಿನ ವಿಂಡೋಸ್ ತೆಗೆದರೂ ಅವರಿಗೆ ಅಷ್ಟು ಗೊತ್ತಾಗುವುದಿಲ್ಲ.

ಈಗ ನುಡಿ ಫೈಲಿನ ವಿಷಯ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಆಗ ಬಳಕೆಯಲ್ಲಿ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಗೊತ್ತಲ್ಲ? 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಒಂದು ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ. ಹಳೆಯ ಸರ್ಕಾರಿ ಸುತ್ತೋಲೆಯನ್ನು ಮೊಬೈಲಿನಲ್ಲಿ ತೆರೆದವರೆಲ್ಲ ಇದನ್ನು ನೋಡಿರುತ್ತಾರೆ.

ಇದಕ್ಕೆ ಎರಡು ದಾರಿ ಇವೆ. ನಾವು ಎರಡನ್ನೂ ಹಿಡಿದೆವು.

ಸುಲಭದ ದಾರಿ ಅಂದರೆ ನುಡಿಯ ಫಾಂಟ್ ಫೈಲುಗಳನ್ನೇ ಲಿನಕ್ಸ್‌ಗೆ ಒಯ್ಯುವುದು. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮಿಂಟ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ. ಬಚ್ಚಿಟ್ಟ ಫೋಲ್ಡರ್‌ಗಳು ಕಾಣುತ್ತವೆ. '.fonts' ಎಂಬ ಹೆಸರಿನ ಫೋಲ್ಡರ್ ಮಾಡಿ, ಹೆಸರಿನ ಮುಂದಿನ ಚುಕ್ಕಿ ಮರೆಯಬೇಡಿ, ಅದರೊಳಗೆ ಫಾಂಟ್ ಸುರಿಯಿರಿ. ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಹಳೆಯ ಹಾಡು ಹಳೆಯ ಹಾಗೇ ಕಾಣುತ್ತದೆ. ನೋಡುವುದಕ್ಕೆ, ಪ್ರಿಂಟ್ ತೆಗೆಯುವುದಕ್ಕೆ ಇಷ್ಟು ಸಾಕು.

ಆದರೆ ಅದು ಇನ್ನೂ ವೇಷ ಹಾಕಿದ ಇಂಗ್ಲಿಷೇ. ವಾಟ್ಸಾಪ್‌ಗೆ ಅಂಟಿಸಿದರೆ ಗೀಟಿನ ಎಗಳೇ ಹೋಗುತ್ತವೆ. ಹಾಗಾಗಿ ಎರಡನೇ ದಾರಿ, ಯುನಿಕೋಡ್‌ಗೆ ಬದಲಿಸುವುದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನೂರಕ್ಕೆ ನೂರು ಸರಿ ಬರುತ್ತದೆ ಎಂದುಕೊಳ್ಳಬೇಡಿ. ಎಲ್ಲಿ ಎಡವುತ್ತದೆ ಎಂದು ಗೊತ್ತಿದ್ದರೆ ತಿದ್ದುವುದು ಬೇಗ ಆಗುತ್ತದೆ. ಒಂದು ಅರ್ಕಾವೊತ್ತು. 'ಸೂರ್ಯ' ಪದದಲ್ಲಿ ನಾವು ರ್ ಅನ್ನು ಯ ಮುಂಚೆ ಉಚ್ಚರಿಸುತ್ತೇವೆ, ಆದರೆ ಹಳೆಯ ಫಾಂಟಿನಲ್ಲಿ ಆ ಗುರುತು ಯ ಆದ ಮೇಲೆ ಕೂತಿರುತ್ತದೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ನಡುವೆ ಎಲ್ಲೋ ಒಂದು ಸ್ಪೇಸ್ ಬಿದ್ದಿದ್ದರೆ ಅದಕ್ಕೆ ದಾರಿ ತಪ್ಪುತ್ತದೆ. ಸೂರ್ಯ, ಧರ್ಮ, ಕರ್ನಾಟಕ ಇಂಥ ಪದಗಳನ್ನು ಕಣ್ಣಿಟ್ಟು ನೋಡಿ.

ಇನ್ನೊಂದು, ನಡುನಡುವೆ ಇರುವ ಇಂಗ್ಲಿಷ್. ಮಾವನವರು ಪ್ರತಿ ಹಾಡಿನ ಕೆಳಗೆ ಯಾವ ಕ್ಯಾಸೆಟ್, ಯಾವ ಸೈಡ್ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. ಪಠ್ಯವನ್ನು ಹಾಗೇ ಅಂಟಿಸಿದಾಗ ಪರಿವರ್ತಕಕ್ಕೆ ಫಾಂಟ್ ಯಾವುದೆಂದು ಗೊತ್ತಾಗುವುದಿಲ್ಲ. ಅದು ಇಂಗ್ಲಿಷನ್ನೂ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಡ್ಡೆ ಮಾಡುತ್ತದೆ. ಡೊಳ್ಳಿನ ಹಾಡಿನ ಕೊನೆಗೆ ಬಂದ ಆ ಸಾಲನ್ನು ಮಾವನವರು ಜೋರಾಗಿ ಓದಿ, "ಇದ್ಯಾವ ಮಂತ್ರವೋ" ಎಂದು ನಕ್ಕಿದ್ದೇ ನಕ್ಕಿದ್ದು. ಇಂಗ್ಲಿಷ್ ಸಾಲು ಬಿಟ್ಟು ಕನ್ನಡದ ತುಂಡನ್ನಷ್ಟೇ ಬದಲಿಸಿ, ಆಮೇಲೆ ಜೋಡಿಸುವುದು ಒಳ್ಳೆಯದು.

ಬದಲಿಸಿದ ಮೇಲೆ ಲಿಬ್ರೆಆಫೀಸ್‌ನ ಒಂದು ಗುಣ ತಿಳಿದಿರಲಿ. ಅದು ಹಳೆಯ ನುಡಿ ಪಠ್ಯವನ್ನು ಇಂಗ್ಲಿಷಿನ ಗುಂಪಿಗೆ ಸೇರಿಸುತ್ತದೆ, ಯುನಿಕೋಡ್ ಕನ್ನಡವನ್ನು 'ಸಂಕೀರ್ಣ ಲಿಪಿ' ಎಂಬ ಬೇರೆ ಗುಂಪಿಗೆ. ಎರಡಕ್ಕೂ ಫಾಂಟ್, ಸೈಜು ಬೇರೆ ಬೇರೆ. ಹಳೆಯದರಲ್ಲಿ 16ರ ಅಕ್ಷರ ಇದ್ದದ್ದು ಹೊಸದರಲ್ಲಿ 12ಕ್ಕೆ ಇಳಿದರೆ ಗಾಬರಿ ಬೇಡ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಗಳ ಕೆಳಗೆ ಸಂಕೀರ್ಣ ಲಿಪಿಗೆ ಟಿಕ್ ಹಾಕಿ, ಕನ್ನಡ ಆರಿಸಿ. ಆಮೇಲೆ ಕನ್ನಡದ ಫಾಂಟ್ ಪ್ರತ್ಯೇಕವಾಗಿ ಇಡಬಹುದು. ನಾವು ನೋಟೋ ಸಾನ್ಸ್ ಕನ್ನಡ ಇಟ್ಟುಕೊಂಡಿದ್ದೇವೆ. ಗುಬ್ಬಿ, ನವಿಲು ಎಂಬ ಫಾಂಟುಗಳೂ ಮಿಂಟ್‌ನ ಭಂಡಾರದಲ್ಲೇ ಇವೆ.

ಕೀಬೋರ್ಡಿನ ಷರತ್ತು ಇದಕ್ಕಿಂತ ಸಲೀಸು. ಕೆ. ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ, ಕನ್ನಡ ಗಣಕ ಪರಿಷತ್ತಿನ ಹೆಸರಲ್ಲಿ ಓಡಾಡುವ ಆ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ, ಒತ್ತಕ್ಷರಕ್ಕೆ ಎಫ್, ಎಲ್ಲಾ ಅದೇ. ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಐಬಸ್ ಎಂಬ ತಂತ್ರಾಂಶ ಮತ್ತು ಅದಕ್ಕೆ ಬೇಕಾದ ಎಂ17ಎನ್ ಪ್ಯಾಕೇಜನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿ, ಇನ್‌ಪುಟ್ ಮೆಥಡ್ ಎಂದಿರುವಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ಔಟ್ ಆಗಿ ಬನ್ನಿ. ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂದಿರುವುದೇ ನಮ್ಮದು. ಇನ್‌ಸ್ಕ್ರಿಪ್ಟ್ ರೂಢಿ ಇದ್ದವರಿಗೆ ಅದೂ ಅಲ್ಲೇ ಇದೆ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಸ್ಕ್ರೋಲ್ ಲಾಕ್ ಒತ್ತುತ್ತಿದ್ದರು. ಐಬಸ್‌ನಲ್ಲಿ ವಿಂಡೋಸ್ ಚಿತ್ರವಿರುವ ಕೀ ಜೊತೆ ಸ್ಪೇಸ್. ಮಾವನವರ ಬೆರಳು ಸ್ಕ್ರೋಲ್ ಲಾಕ್ ಕಡೆಗೇ ಹೋಗುತ್ತಿತ್ತು. ಕೊನೆಗೆ ಕಂಟ್ರೋಲ್ ಮತ್ತು ಸ್ಪೇಸ್ ಎಂದು ಬದಲಿಸಿಕೊಟ್ಟೆ, ಅದು ಒಗ್ಗಿತು.

ಇಷ್ಟು ಆದ ಮೇಲೆ ಕಂಪ್ಯೂಟರ್ ಬದಲಿಸುವುದು ನಿಜಕ್ಕೂ ಚಿಕ್ಕ ಕೆಲಸ. ಲಿನಕ್ಸ್ ಮಿಂಟ್ ಆರಿಸಿಕೊಂಡಿದ್ದು ಯಾಕೆಂದರೆ ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ನೋಡಲಿಕ್ಕೆ ವಿಂಡೋಸ್ ಹಾಗೇ ಇದೆ. ಅದರ 22ನೇ ಆವೃತ್ತಿಗೆ 2029ರ ತನಕ ಅಪ್‌ಡೇಟ್ ಬರುತ್ತದೆ. ಮಾವನವರ ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮ್ 4 ಜಿಬಿ ಇದ್ದುದರಿಂದ ಮಿಂಟ್‌ನ ಹಗುರಾದ ಬಗೆ ಎಕ್ಸ್‌ಎಫ್‌ಸಿಇ ಹಾಕಿದೆವು. ಮಗಳದ್ದರಲ್ಲಿ 8 ಜಿಬಿ ಇದೆ, ಅವಳಿಗೆ ಮಿಂಟ್‌ನ ಇನ್ನೊಂದು ಬಗೆ, ಸಿನ್ನಮನ್.

ಡೆಸ್ಕ್‌ಟಾಪ್‌ನಲ್ಲಿ ಹಳೆಯ ಹಾರ್ಡ್‌ಡಿಸ್ಕ್ ಅಳಿಸಲೇ ಇಲ್ಲ. ಅದನ್ನು ಬಿಚ್ಚಿ ತೆಗೆದು, ಹೊಸ 240 ಜಿಬಿ ಎಸ್‌ಎಸ್‌ಡಿ ಜೋಡಿಸಿ ಅದರ ಮೇಲೆ ಮಿಂಟ್ ಹಾಕಿದೆವು. ಹಳೆಯ ಡಿಸ್ಕ್ ಹಾಗೇ ಕಪಾಟಿನಲ್ಲಿದೆ. ಏನಾದರೂ ಎಡವಟ್ಟಾದರೆ ತಿರುಗಿ ಜೋಡಿಸಿದರೆ ಆಯ್ತು. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಧೈರ್ಯವೂ ಇರುತ್ತದೆ, ಮಷಿನ್ ಕೂಡ ಹೊಸದರ ಹಾಗೆ ಓಡುತ್ತದೆ. ನಿಜ ಹೇಳಬೇಕೆಂದರೆ ವೇಗ ಬಂದಿದ್ದರಲ್ಲಿ ಲಿನಕ್ಸ್‌ಗಿಂತ ಎಸ್‌ಎಸ್‌ಡಿ ಪಾಲೇ ಜಾಸ್ತಿ. ಕ್ಯಾಬಿನೆಟ್ ತೆಗೆದಾಗ ಫ್ಯಾನಿನ ಮೇಲೆ ಕೂತಿದ್ದ ಧೂಳು ನೋಡಿ ನಾಚಿಕೆಯಾಯಿತು, ಅದನ್ನೂ ಜಾಡಿಸಿದೆವು.

ಹಾಕುವ ವಿಧಾನ ಎಲ್ಲರಿಗೂ ಗೊತ್ತಿರುವುದೇ. ಮಿಂಟ್‌ನ ಸುಮಾರು 3 ಜಿಬಿಯ ಫೈಲು ಇಳಿಸಿ, ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಎಫ್12 ಅಥವಾ ನಿಮ್ಮ ಕಂಪನಿಯ ಬೂಟ್ ಕೀ ಒತ್ತಿ ಅದರಿಂದ ಶುರು ಮಾಡುವುದು. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡುತ್ತದೆ. ವೈಫೈ, ಸೌಂಡ್, ಕ್ಯಾಮೆರಾ ಎಲ್ಲಾ ಅಲ್ಲೇ ನೋಡಿಕೊಳ್ಳಿ. ವೈಫೈ ಹತ್ತದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ, ಡ್ರೈವರ್ ಮ್ಯಾನೇಜರ್ ಬೇಕಾದ ಡ್ರೈವರ್ ಹುಡುಕಿಕೊಡುತ್ತದೆ. ಇನ್‌ಸ್ಟಾಲ್ ಮಾಡುವಾಗ, ಹಾಡು ವಿಡಿಯೋ ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ. ಮತ್ತೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಮಗಳ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಮಿಂಟ್ ಎರಡನ್ನೂ ಇಟ್ಟಿದ್ದೇವೆ. ಅವಳು ಎಂಜಿನಿಯರಿಂಗ್ ಓದುತ್ತಾಳೆ. ಸಿ, ಪೈಥಾನ್‌ಗೆಲ್ಲಾ ಲಿನಕ್ಸ್ ಬಲು ಹಿತ, ಆದರೆ ಲ್ಯಾಬಿನ ಒಂದೆರಡು ಸಾಫ್ಟ್‌ವೇರ್‌ಗೆ ವಿಂಡೋಸ್ ಬೇಕು. ಎರಡನ್ನೂ ಇಡುವವರು ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಬೇಕು. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲಾಗುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇನ್ನೊಂದು ತಮಾಷೆ ಗಡಿಯಾರದ್ದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದಿರುತ್ತದೆ. ಕಂಪ್ಯೂಟರಿನ ಒಳಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನು ನಮ್ಮೂರ ಸಮಯ ಎಂದು ಓದುತ್ತದೆ. ಒಳಗಡಿಯಾರದಲ್ಲೂ ನಮ್ಮೂರ ಸಮಯವನ್ನೇ ಇಡು ಎಂದು ಲಿನಕ್ಸ್‌ಗೆ ಟರ್ಮಿನಲ್‌ನಲ್ಲಿ ಒಂದು ಸಾಲು ಹೇಳಿದರೆ ಮುಗಿಯಿತು. ಬ್ಯಾಟರಿ ಹೋಗಿದೆ ಎಂದು ಅಂಗಡಿಗೆ ಒಯ್ಯಬೇಡಿ.

ಯಜಮಾನರ ಕಂಪ್ಯೂಟರ್ ಮುಟ್ಟಲಿಲ್ಲ. ಅವರ ಲೆಕ್ಕವೆಲ್ಲಾ ಟ್ಯಾಲಿಯಲ್ಲಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಏನೇನೋ ಉಪಾಯ ಮಾಡಿ ಲಿನಕ್ಸ್‌ನಲ್ಲಿ ಓಡಿಸುವವರು ಇದ್ದಾರೆ, ಆದರೆ ವ್ಯಾಪಾರದ ಲೆಕ್ಕದ ಮೇಲೆ ಪ್ರಯೋಗ ನಮಗೆ ಬೇಡ. ಅವರದ್ದು ಹೊಸ ಮಷಿನ್, ವಿಂಡೋಸ್ 11 ಓಡುತ್ತದೆ, ಓಡಲಿ. ಮನೆಯಲ್ಲಿ ಒಂದು ವಿಂಡೋಸ್ ಇದ್ದರೆ ಏನೂ ಮೈಲಿಗೆಯಾಗುವುದಿಲ್ಲ.

ಅದರಿಂದ ಉಪಯೋಗವೂ ಆಯಿತು. ನಮ್ಮ ಎರಡು ಪ್ರಿಂಟರ್‌ನಲ್ಲಿ ವೈಫೈ ಇರುವ ಇಂಕ್ ಪ್ರಿಂಟರನ್ನು ಮಿಂಟ್ ತಾನಾಗಿ ಗುರುತಿಸಿತು, ಡ್ರೈವರ್ ಕೇಳಲೇ ಇಲ್ಲ. ಹಳೆಯ ಲೇಸರ್ ಪ್ರಿಂಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದನ್ನು ಯಜಮಾನರ ಟೇಬಲ್‌ಗೆ ಸಾಗಿಸಿದೆವು. ಹಾಡು ಪ್ರಿಂಟ್ ಬೇಕಾದರೆ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಾರೆ. ನಿಮಗೆ ಪ್ರಿಂಟರ್ ಮುಖ್ಯವಾದರೆ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸುವಾಗಲೇ ಒಂದು ಹಾಳೆ ತೆಗೆದು ನೋಡಿ.

ಉಳಿದದ್ದೆಲ್ಲಾ ಬ್ರೌಸರ್ ಕೆಲಸ. ಹೊಲದ ಉತಾರ, ಹೆಸ್ಕಾಂ ಬಿಲ್, ರೈಲು ಟಿಕೆಟ್, ಯಾವುದಕ್ಕೂ ತೊಂದರೆ ಬಂದಿಲ್ಲ. ಮೆನುಗಳನ್ನು ಕನ್ನಡಕ್ಕೆ ಹಾಕಿ ನೋಡಿದೆವು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬಂತು. ಮಾವನವರೇ ಬೇಡ ಅಂದರು. ಅತ್ತೆಯವರು ನಮ್ಮ ಗದ್ದಲವನ್ನೆಲ್ಲಾ ನೋಡಿ, "ಏನ್ ಹೊಸಾದು ಐತಿ ಇದರಾಗ? ಅಪ್ಪಾವರ ಪ್ರವಚನ ಮೊದಲಿನಂಗ ಹತ್ತತೈತಿ" ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಟೈಮ್‌ಶಿಫ್ಟ್ ಆನ್ ಮಾಡಿಟ್ಟಿದ್ದೇನೆ. ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ಹೋಗಬಹುದು. ಆದರೆ ಅದು ಸಿಸ್ಟಂ ಮಾತ್ರ ಕಾಯುತ್ತದೆ, ನಿಮ್ಮ ಫೈಲುಗಳನ್ನಲ್ಲ. ಹಾಡುಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿದೆ, ನುಡಿಯ ಮೂಲವೂ ಯುನಿಕೋಡ್ ಪ್ರತಿಯೂ ಎರಡೂ. ಹಂತಿ ಪದಗಳು ಯುನಿಕೋಡ್‌ಗೆ ಬಂದಾಗಿದೆ. ಡೊಳ್ಳಿನ ಹಾಡು ಅರ್ಧಕ್ಕಿಂತ ಹೆಚ್ಚು ಬಾಕಿ ಇವೆ. ಮಾವನವರು ದಿನಾ ಊಟ ಆದ ಮೇಲೆ ಕನ್ನಡಕ ಏರಿಸಿಕೊಂಡು ಅರ್ಕಾವೊತ್ತು ತಿದ್ದುತ್ತಾ ಕೂರುತ್ತಾರೆ.