ಬೋರ್ಡಿನಲ್ಲಿ ಬಸ್ ಇದೆ, ರಸ್ತೆಯಲ್ಲಿ ಇಲ್ಲ

ಈ ಜುಲೈನಲ್ಲಿ ಒಂದು ಸಂಜೆ ಇಬ್ಬರು ಹುಡುಗರು ಫೋನ್ ಮಾಡಿದರು. ಮ್ಯಾಡ್ರಿಡ್‌ಗೆ ಬಂದು ಇನ್ನೂ ಆರು ತಿಂಗಳೂ ಆಗಿಲ್ಲ. "ಅಣ್ಣಾ, ಹಳ್ಳಿ ಕಡೆ ನಡೆಯೋಣ ಅಂತ ಬಂದ್ವಿ, ಐದೂವರೆ ಬಸ್ ಇನ್ನೂ ಬಂದಿಲ್ಲ." ಯಾವ ಊರು ಅಂತ ಕೇಳುವ ಮೊದಲೇ ನಾನು ಹೇಳಿದೆ, "ಬೋರ್ಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಏನೋ ಇರುತ್ತೆ, ಓದು." ಒಬ್ಬ ಓದಿದ. ಲೆಕ್ತಿವೊಸ್, ಅಂದರೆ ಶಾಲೆ ಇರುವ ದಿನ ಮಾತ್ರ. ಮುಗೀತು ಕತೆ.

ಮೂರು ವರ್ಷದ ಹಿಂದೆ ನಾನೂ ಹಾಗೇ ಕಾದು ಕೂತಿದ್ದೆ. ಅದಕ್ಕೇ ಮ್ಯಾಡ್ರಿಡ್‌ನಿಂದ ಸ್ಪೇನ್‌ನ ಹಳ್ಳಿ ಕಡೆ ಬಸ್ಸಿನಲ್ಲಿ ಹೋಗಿ ನಡೆಯುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಶೂ, ನೀರು, ಟೋಪಿ ನಿಮಗೇ ಗೊತ್ತು, ಬಿಡಿ.

ಜಾಗ ಸಾಲಮಾಂಕಾ ನಗರದ ದಕ್ಷಿಣಕ್ಕಿರುವ ಸಿಯೆರ್ರಾ ದೆ ಫ್ರಾನ್ಸಿಯಾ ಎಂಬ ಬೆಟ್ಟಸಾಲು. ಹೆಸರಲ್ಲಿ ಫ್ರಾನ್ಸ್ ಇದೆ, ಇರುವುದು ಪೋರ್ಚುಗಲ್ ಕಡೆ! ಹೊರಟಲ್ಲಿಗೇ ಬಂದು ಸೇರುವ ದಾರಿಗಳು ಇಲ್ಲಿ ಹಲವು ಇವೆ. ನನಗಿಷ್ಟವಾದದ್ದು ಸೆಕೆರೋಸ್, ಲಾಸ್ ಕಾಸಾಸ್ ದೆಲ್ ಕೊಂದೆ, ಸಾನ್ ಮಾರ್ತಿನ್ ದೆಲ್ ಕಸ್ತಾನ್ಯಾರ್ ಎಂಬ ಮೂರು ಹಳೇ ಊರುಗಳನ್ನು ಸುತ್ತಿ ಬರುವ ಸುಮಾರು 9 ಕಿಲೋಮೀಟರ್ ದಾರಿ. ಚೆಸ್ಟ್‌ನಟ್ ಮರಗಳ ನೆರಳು, ನಡುವೆ ಮರಗಳ ಮಧ್ಯೆ ಕನ್ನಡಿ ಇಟ್ಟು ಮಾಡಿದ ಕಲಾಕೃತಿಗಳು. ಸಾನ್ ಮಾರ್ತಿನ್‌ನಲ್ಲಿ ಕೋಟೆಯ ಗೋಡೆಯೊಳಗೇ ಊರಿನ ಸ್ಮಶಾನ ಇದೆ, ಪಕ್ಕದಲ್ಲೇ ಗೂಳಿ ಕಾಳಗದ ಅಂಗಳ. ಪಕ್ಕದ ಮೊಗರ್ರಾಸ್‌ಗೂ ಹೋದರೆ ಇನ್ನೂ ಚೆನ್ನ. ಅಲ್ಲಿ ಮನೆಗಳ ಗೋಡೆ ತುಂಬ 1960ರ ದಶಕದ ಊರಿನವರ ಮುಖಗಳ ಚಿತ್ರಗಳು, ನೀವು ನಡೆಯುತ್ತಿದ್ದರೆ ನಿಮ್ಮನ್ನೇ ನೋಡುತ್ತಿರುತ್ತವೆ.

ದಾರಿ ತಪ್ಪುವ ಭಯ ಬೇಡ. ಬಿಳಿ-ಹಳದಿ ಪಟ್ಟೆ ಇದ್ದರೆ ಅದು ಪಿಆರ್, ಅಂದರೆ 10ರಿಂದ 50 ಕಿಲೋಮೀಟರ್‌ವರೆಗಿನ ದಾರಿ. ಬಿಳಿ-ಕೆಂಪು ಇದ್ದರೆ ಜಿಆರ್, 50ಕ್ಕಿಂತ ಉದ್ದ. ಬಿಳಿ-ಹಸಿರು ಇದ್ದರೆ ಎಸ್‌ಎಲ್, 10ರ ಒಳಗೆ. ಈ ಅಂಕಿಗಳು ಪಕ್ಕಾ ಗೆರೆ ಎಳೆದ ಹಾಗಲ್ಲ, ಸ್ವಲ್ಪ ಹಿಂದೆ ಮುಂದೆ ಇರುತ್ತೆ. ಪಟ್ಟೆಗಳು ಅಡ್ಡಡ್ಡ ಕತ್ತರಿ ಹಾಕಿದ ಹಾಗೆ ಇದ್ದರೆ ಆ ಕಡೆ ಹೋಗಬೇಡಿ ಅಂತ. ಕುಮಾರ ಪರ್ವತಕ್ಕೆ ಹೋಗುವವರು ಆನ್‌ಲೈನ್ ಬುಕಿಂಗ್, ಚೆಕ್‌ಪೋಸ್ಟ್ ಎಲ್ಲ ನೋಡಿರುತ್ತೀರಿ. ಈ ದಾರಿಗೆ ಪರ್ಮಿಟ್ಟೂ ಇಲ್ಲ, ದುಡ್ಡೂ ಇಲ್ಲ. ಇದರಲ್ಲಿ ಸ್ಪೇನ್‌ನವರೇ ಮುಂದು, ಒಪ್ಪಿಕೊಳ್ಳುತ್ತೇನೆ.

ದಾರಿಯ ಕಷ್ಟ "ಮಧ್ಯಮ" ಅಂತ ಬರೆದದ್ದನ್ನು ಮಾತ್ರ ನಂಬಬೇಡಿ. ಬೋರ್ಡಿನಲ್ಲಿ ಮಿದೆ ಅಂತ ನಾಲ್ಕು ಅಂಕಿ ಇದ್ದರೆ ಅದನ್ನು ನೋಡಿ. ಜಾಗದ ಅಪಾಯ, ದಾರಿ ಹುಡುಕುವ ಕಷ್ಟ, ಕಾಲಿಡುವ ಕಷ್ಟ, ದಣಿವು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಅಲ್ಲಿ ಕೊಟ್ಟಿರುವ ಸಮಯ ನಿಲ್ಲದೆ ನಡೆದರೆ ಮಾತ್ರ. ನಾವು ಫೋಟೋ, ಚಹಾ, ಹರಟೆ ಅಂತ ನಿಲ್ಲುತ್ತೇವಲ್ಲ, ಅದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಬಸ್ ವಿಷಯ. ನಾನು ಹೋದದ್ದು ಜೂನ್ ಕೊನೆಯ ಒಂದು ಸೋಮವಾರ. ಬೋರ್ಡಿನಲ್ಲಿ ಸೋಮವಾರದಿಂದ ಶುಕ್ರವಾರ ಅಂತ ಸ್ಪಷ್ಟವಾಗಿತ್ತು, ಆಮೇಲೆ ಕೆಳಗಿನ ಚಿಕ್ಕ ಅಕ್ಷರ ಓದಿ ಅಂತ ಒಂದು ಚುಕ್ಕಿ ಗುರುತು, ಆ ಚುಕ್ಕಿಯನ್ನು ನಾನು ನೋಡಲೇ ಇಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಎದುರು ಮನೆಯ ಅಜ್ಜಿ ಕಿಟಕಿಯಿಂದ ಕೇಳಿದರು, ಏನಪ್ಪಾ ಯಾಕೆ ಕೂತಿದ್ದೀಯಾ ಅಂತ. ಬಸ್ಸಿಗೆ ಅಂದೆ. ಅಯ್ಯೋ, ಮಕ್ಕಳಿಗೆ ರಜಾ ಅಲ್ವಾ ಅಂದರು! ಮಕ್ಕಳ ರಜೆಗೂ ನನ್ನ ಬಸ್ಸಿಗೂ ಏನು ಸಂಬಂಧ ಅಂತ ನಾನು. ಸಂಬಂಧ ಇದೆ. ಈ ಕಡೆ ಹಳ್ಳಿಗಳಲ್ಲಿ ಜನ ಕಡಿಮೆ, ಹಾಗಾಗಿ ಕೆಲವು ಕಡೆ ಶಾಲೆಯ ಬಸ್ಸಿನಲ್ಲೇ ಉಳಿದ ಸೀಟನ್ನು ಜನರಿಗೆ ಕೊಡುತ್ತಾರೆ. ಲೆಕ್ತಿವೊ ಅಂದರೆ ಪಾಠ ಇರುವ ದಿನ. ಶಾಲೆ ಮುಚ್ಚಿತೋ, ಬಸ್ಸೂ ಮುಚ್ಚಿತು. ಅಂದು ಟ್ಯಾಕ್ಸಿಗೆ 90 ಯೂರೋ ಕೊಟ್ಟು ಸಾಲಮಾಂಕಾ ಸೇರಿದೆ, ಮ್ಯಾಡ್ರಿಡ್ ರೈಲೂ ತಪ್ಪಿತು.

ಲಾಬೊರಾಬ್ಲೆಸ್ ಅಂದರೆ ಕೆಲಸದ ದಿನ, ಫೆಸ್ತಿವೊಸ್ ಅಂದರೆ ರಜಾ ದಿನ. ಇದರಲ್ಲೂ ಕಣ್ಣು ತೆರೆದಿರಿ. ಏಪ್ರಿಲ್ 23 ಸಾಲಮಾಂಕಾ ಇರುವ ಕಸ್ತಿಯಾ ಇ ಲಿಯೋನ್ ಪ್ರದೇಶಕ್ಕೆ ರಜೆ, ಮ್ಯಾಡ್ರಿಡ್‌ಗೆ ಅಲ್ಲ. ಮೇ 2 ಮ್ಯಾಡ್ರಿಡ್‌ಗೆ ರಜೆ, ಅಲ್ಲಿಗೆ ಅಲ್ಲ. ಇದರ ಜೊತೆ ಒಂದೊಂದು ಊರಿಗೂ ವರ್ಷಕ್ಕೆ ಎರಡು ಸ್ಥಳೀಯ ರಜೆ ಬೇರೆ. ಮ್ಯಾಡ್ರಿಡ್ ಕ್ಯಾಲೆಂಡರ್ ನೋಡಿ ಹೊರಟರೆ ಕೆಟ್ಟಿರಿ. ಇನ್ನೊಂದು ಶಬ್ದ, ಆ ಲಾ ದೆಮಾಂದಾ. ಹಿಂದಿನ ದಿನವೇ ಫೋನ್ ಮಾಡಿ ಹೇಳಿದರೆ ಮಾತ್ರ ಬಸ್ ಬರುತ್ತೆ, ಸುಮ್ನೆ ನಿಂತರೆ ಬರಲ್ಲ. ನಮ್ಮೂರಲ್ಲಿ ಕೈ ಅಡ್ಡ ಹಾಕಿದರೆ ಬಸ್ ನಿಲ್ಲುತ್ತೆ, ಕಂಡಕ್ಟರ್ "ಹತ್ರೀ ಹತ್ರೀ" ಅಂತಾನೆ. ಈ ವಿಷಯದಲ್ಲಿ ನಮ್ಮದೇ ಸೈ.

ಸುತ್ತಿ ಬರುವ ದಾರಿಯಾದ್ದರಿಂದ ಒಂದು ಉಪಾಯ ಇದೆ. ಯಾವ ಊರಿಂದ ಶುರು ಮಾಡಿದರೂ ನಡೆಯುವುದು ಅಷ್ಟೇ, ಹಾಗಾಗಿ ಕೊನೆಯ ಬಸ್ ಎಲ್ಲಿ ಸಿಗುತ್ತೋ ಅಲ್ಲಿಂದಲೇ ಹೊರಡಿ, ದೊಡ್ಡ ಏರು ಬೆಳಿಗ್ಗೆಯೇ ಬರುವ ದಿಕ್ಕು ಹಿಡಿಯಿರಿ.

ಊಟ ಎರಡರಿಂದ ನಾಲ್ಕರವರೆಗೆ. ನಾಲ್ಕೂಕಾಲಿಗೆ ಹೋದರೆ ಚಿಪ್ಸ್ ಪೊಟ್ಟಣ ಸಿಕ್ಕರೆ ಪುಣ್ಯ. ಸಸ್ಯಾಹಾರಿಗಳೇ, "ಸಿನ್ ಕಾರ್ನೆ" (ಮಾಂಸ ಬೇಡ) ಅಂತ ಹೇಳಿದರೆ ಸಾಲದು. ಹ್ಯಾಮನ್ನು, ಅಂದರೆ ಹಂದಿ ತೊಡೆಯನ್ನು, ಕೆಲವರು ಮಾಂಸ ಅಂತ ಎಣಿಸುವುದೇ ಇಲ್ಲ, ಅದಕ್ಕೆ "ಸಿನ್ ಹಾಮೋನ್" (ಹ್ಯಾಮ್ ಬೇಡ) ಅಂತಲೂ ಹೇಳಿ. ಈ ಕಡೆಯ ತಿನಿಸು ಲಿಮೋನ್ ಸೆರ್ರಾನೊ ಹೆಸರು ಕೇಳಿ ನಿಂಬೆ ಪಾನಕ ಅಂದುಕೊಂಡಿದ್ದೆ. ಬಂದದ್ದು ನಿಂಬೆ, ಕಿತ್ತಳೆ ಹೋಳಿನ ಜೊತೆ ಮೊಟ್ಟೆ, ಚೊರಿಸೊ ಎಂಬ ಹಂದಿ ಸಾಸೇಜ್. ಚಪಾತಿ, ಚಟ್ನಿಪುಡಿ ಚೀಲದಲ್ಲಿರಲಿ.

ಚಳಿಗಾಲದ ವಾರಾಂತ್ಯಗಳಲ್ಲಿ ದಾರಿ ಬಾಯಲ್ಲಿ ಬತೀದಾ ಅಂತ ಬೋರ್ಡ್ ಕಂಡರೆ ಕಾಡುಹಂದಿ ಬೇಟೆ ನಡೆಯುತ್ತಿದೆ ಅಂತ, ಅಲ್ಲಿಂದಲೇ ಹಿಂದಿರುಗಿ. ತುರ್ತಿಗೆ 112.

ಟ್ಯಾಕ್ಸಿ ನಂಬರ್ ಬೇಕಾದರೆ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಬಾರ್‌ನಲ್ಲಿ ಕೇಳಿ ಬರೆದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದರೆ ಟ್ಯಾಕ್ಸಿಯವನೂ ಊಟಕ್ಕೆ ಕೂತಿರುತ್ತಾನೆ.