ಎಣ್ಣೆ ಬಾಟಲಿ ಮುಚ್ಚಳ ತೆಗೆಯುವ ಮುಂಚೆ

ಮುಂಬೈನ ಮಾಟುಂಗದಲ್ಲಿ ನನ್ನ ಹತ್ರ ಮಾಲೀಶಿಗೆ ಬರುವವರಲ್ಲಿ ಅರ್ಧಕ್ಕರ್ಧ ಹೋಟೆಲಿನವರು. ದಿನವಿಡೀ ನಿಂತೇ ಇರುವ ಕಾಲುಗಳು. ಹಾಗಾಗಿ ಮೀನಖಂಡ ನೋವು ಅಂದ ತಕ್ಷಣ, ನಿಂತು ನಿಂತು ಬಿಗಿದಿದೆ ಅಂತ ಕೈ ಸೀದಾ ಎಣ್ಣೆಗೆ ಹೋಗುತ್ತದೆ. ಹೊಸಬರು ಎಡವೋದು ಅಲ್ಲೇ.

ಒಂದು ಸಲ ಉಡುಪಿಯಿಂದ ರಾತ್ರಿ ಬಸ್ಸಲ್ಲಿ ಬಂದ ಅಣ್ಣನೊಬ್ಬರು ಸೀದಾ ಬಂದು ಮಲಗಿದರು. "ಎಡಗಾಲು ಹಿಡಿದುಬಿಟ್ಟಿದೆ ಮಾರಾಯ, ಜೋರಾಗಿ ಒತ್ತು." ಪ್ಯಾಂಟಿನ ಎರಡೂ ಕಾಲು ಮೇಲೆ ಮಡಚಿಸಿದೆ. ಇದನ್ನು ಯಾವತ್ತೂ ಬಿಡಬೇಡಿ, ನೋವಿಲ್ಲದ ಕಾಲನ್ನೂ ನೋಡಿ. ಎಡಗಾಲು ಊದಿ ಚರ್ಮ ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬು ಸಿಗುತ್ತದಲ್ವಾ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಟೇಪ್ ಸುತ್ತಿ ಅಳೆದರೆ ಬಲಗಾಲಿಗಿಂತ 4 ಸೆಂಟಿಮೀಟರ್ ಜಾಸ್ತಿ! ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿರಬಹುದಾ ಅಂತ ಅಂದಾಜು ಮಾಡೋಕೆ ಡಾಕ್ಟರುಗಳು ಬಳಸುವ ವೆಲ್ಸ್ ಸ್ಕೋರಿನಲ್ಲಿ 3 ಸೆಂಟಿಮೀಟರ್ ವ್ಯತ್ಯಾಸಕ್ಕೇ ಒಂದು ಅಂಕ. ಹಾಗಂತ ಅಳತೆ ಕಮ್ಮಿ ಬಂತು, ಇನ್ನು ಒತ್ತಬಹುದು ಅಂತಲ್ಲ. ಅನುಮಾನ ಬಂದರೆ ಸಾಕು, ಕೈ ತೆಗೀರಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಹೇಗೆ ಹೇಳೋದು? "ಅಣ್ಣ, ಇದು ಬರೀ ಬಿಗಿತದ ಥರ ಕಾಣ್ತಿಲ್ಲ. ನಾನು ಇವತ್ತು ಒತ್ತಲ್ಲ. ಈಗಲೇ ಆಸ್ಪತ್ರೆಗೆ ಹೋಗಿ." ಅಷ್ಟೇ. ರೋಗದ ಹೆಸರು ಹೇಳೋಕೆ ಹೋಗಬೇಡಿ. ನಾನು ಶುರುವಿನಲ್ಲಿ ಒಬ್ಬ ಅಮ್ಮನಿಗೆ ಸುಮ್ನೆ "ಡಿಸ್ಕ್ ಜಾರಿರಬೇಕು" ಅಂದುಬಿಟ್ಟೆ, ಪಾಪ ಅವರು ಹೆದರಿ ಒಂದು ವರ್ಷ ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ಒಂದು ಚೀಟಿಯಲ್ಲಿ ಯಾವ ಕಾಲು, ಯಾವಾಗಿಂದ, ಅಳತೆ ಎಷ್ಟು, ಎಷ್ಟು ಹೊತ್ತಿನ ಪ್ರಯಾಣ ಅಂತ ಬರೆದು ಕೈಗೆ ಕೊಡಿ. ದುಡ್ಡು ತಗೋಬೇಡಿ.

ಬೆನ್ನುನೋವಿನ ಜೊತೆ ಸೈಕಲ್ ಸೀಟು ತಾಗುವ ಜಾಗದಲ್ಲಿ ಜೋಮು ಹಿಡಿದಿದೆಯಾ, ಮೂತ್ರ ಕಟ್ಟಿದೆಯಾ ಅಥವಾ ಗೊತ್ತಿಲ್ಲದೇ ಹೋಗ್ತಿದೆಯಾ, ನಾಚಿಕೆ ಬಿಟ್ಟು ಕೇಳಿ. ಹೌದು ಅಂದರೆ ನಾಳೆ ಅನ್ನೋ ಮಾತೇ ಇಲ್ಲ, ಆಗಲೇ ಆಸ್ಪತ್ರೆ. ಎಡ ಭುಜದ ನೋವು, ಬೆವರು, ಎದೆ ಹಿಡಿದ ಹಾಗೆ ಅಂದರೆ 108ಕ್ಕೆ ಫೋನ್ ಮಾಡಿ. ಕಾರಣ ಇಲ್ಲದೆ ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ಮೊದಲು ಡಾಕ್ಟರು. ಇದ್ಯಾವುದೂ ಇಲ್ಲದೆಯೂ ಮೂರು ಸಲ ಬಂದು ಒಂಚೂರೂ ಕಮ್ಮಿ ಆಗಲಿಲ್ಲ ಅಂದರೆ ನಾಲ್ಕನೇ ಸಲಕ್ಕೆ ಕರೀಬೇಡಿ, ಬೇರೆಯವರ ಹತ್ರ ಕಳಿಸಿ. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಉಡುಪಿಯ ಆ ಅಣ್ಣನಿಗೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಹೆಪ್ಪುಗಟ್ಟಿದ್ದು ಕಂಡು ಅಡ್ಮಿಟ್ ಮಾಡಿಕೊಂಡರಂತೆ. ಎರಡು ತಿಂಗಳ ಮೇಲೆ ಭುಜ ಹಿಡ್ಕೊಂಡು ಮತ್ತೆ ಬಂದರು. ಯಾವ ಮಾತ್ರೆ ತಗೋತಿದ್ದೀರಿ ಅಂತ ಕೇಳಿದೆ. ರಕ್ತ ತೆಳುವಾಗಿಸುವ ಮಾತ್ರೆ ಇನ್ನೂ ನಡೀತಿತ್ತು, ಜೋರಾಗಿ ಒತ್ತಿದರೆ ಒಳಗೇ ರಕ್ತ ಒಸರಿ ನೀಲಿಗಟ್ಟುತ್ತದೆ. ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ಒತ್ತದೆ ಬರೀ ಹಗುರಾಗಿ ಚರ್ಮದ ಮೇಲೆ ನೀವಿದೆ. "ಇದಕ್ಕೂ ದುಡ್ಡಾ ಮಾರಾಯ?" ಅಂತ ಗೊಣಗುತ್ತಲೇ ಜೇಬಿಗೆ ಕೈ ಹಾಕಿದರು.