ಹಿತ್ತಾಳೆ ಚೊಂಬು, ಮುದ್ದೆ ಕೋಲು: ಪೆನ್ಸಿಲ್ ಎಲ್ಲಿ, ನೀರು ಎಲ್ಲಿ

ಕೋಲಾರದ ನಮ್ಮ ಅಡುಗೆಮನೆಯ ಸಾಮಾನುಗಳನ್ನೇ ನಾನು ಪೆನ್ಸಿಲ್ ಮತ್ತು ಜಲವರ್ಣದಲ್ಲಿ (ನೀರಲ್ಲಿ ಕಲೆಸುವ ಬಣ್ಣ) ಜಾಸ್ತಿ ಚಿತ್ರ ಬರೆಯುವುದು. ಮೊರ, ಈಳಿಗೆಮಣೆ, ಮುದ್ದೆ ಕೋಲು, ಹಿತ್ತಾಳೆ ಚೊಂಬು. ದಿನಾ ಹಿಡಿಯುವ ವಸ್ತುವಿನ ತೂಕ ಕೈಗೆ ಗೊತ್ತಿರುತ್ತದೆ. ಆ ತೂಕ ಚಿತ್ರದಲ್ಲಿ ಬರಬೇಕು ಅನ್ನೋದೇ ನನ್ನ ಆಸೆ.

ಕಷ್ಟ ಕೊಡುವುದು ಚೊಂಬು. ಮೊದಲು ಎಚ್‌ಬಿ (ತೀರಾ ಗಟ್ಟಿಯೂ ಅಲ್ಲದ, ಮೆತ್ತಗೂ ಅಲ್ಲದ) ಪೆನ್ಸಿಲ್‌ನಲ್ಲಿ ನಟ್ಟನಡುವೆ ಒಂದು ನೇರ ಗೆರೆ ಎಳೆಯುತ್ತೇನೆ. ಎಡಬಲ ಹೊಟ್ಟೆ ಸಮ ಇದೆಯಾ ಅಂತ ಅದರಿಂದಲೇ ನೋಡುವುದು. ಕೊಂಚ ಮೇಲಿಂದ ಓರೆಯಾಗಿ ನೋಡುವಾಗ ಬಾಯಿಯ ಸುತ್ತು ಚಪ್ಪಟೆ, ತಳದ ಸುತ್ತು ಅದಕ್ಕಿಂತ ಕೊಂಚ ದುಂಡಗೆ. ತಳಕ್ಕೆ ನೇರ ಗೆರೆ ಹಾಕಿದರೆ ಚೊಂಬು ನೆಲದ ಮೇಲೆ ಕೂರುವುದೇ ಇಲ್ಲ.

ಪೆನ್ಸಿಲ್ ಒತ್ತಬಾರದು. ಒತ್ತಿದರೆ ಕಾಗದದಲ್ಲಿ ಗೀರು ಬಿದ್ದು ಬಣ್ಣ ಅಲ್ಲೇ ಇಳಿಯುತ್ತದೆ. 4ಬಿಯಂಥ ಮೆತ್ತನೆಯದಾದರೆ ಹಳದಿಯೊಳಗೆ ಕಲೆಸಿ ಕೊಳಕಾಗುತ್ತದೆ. ಬಣ್ಣದ ಕೆಳಗೆ ಸಿಕ್ಕಿದ ಗೆರೆ ಸುಲಭಕ್ಕೆ ಅಳಿಸಲ್ಲ. ಬೇಡದ್ದನ್ನು ಮೊದಲೇ ತೆಗೆದುಬಿಡುತ್ತೇನೆ.

ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹೊಳಪನ್ನು ಕಾಗದದ ಬಿಳಿಯೇ ಕೊಡಬೇಕು. ಕಿಟಕಿ ಬೆಳಕು ಬಿದ್ದ ಜಾಗ ಗುರುತಿಟ್ಟು ಮುಟ್ಟದೆ ಬಿಡುತ್ತೇನೆ. ಉಳಿದ ಕಡೆ ತೆಳ್ಳಗೆ ಯೆಲ್ಲೋ ಓಕರ್ (ಮಣ್ಣಿನಂಥ ಹಳದಿ), ಅದು ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ (ಕೆಂಪು ಬೆರೆತ ಕಂದು). ನೆರಳಿಗೆ ಕಪ್ಪು ಬಣ್ಣ ಬೇಡ. ಬರ್ನ್ಟ್ ಸಿಯೆನ್ನಾಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವ ಇರುವ ಕಡುಬೂದು ಸಿಗುತ್ತದೆ. ಈ ಕಡುಬಣ್ಣ ಹೊಳಪಿನ ಪಕ್ಕದಲ್ಲೇ, ಚೂಪಾದ ಅಂಚಿನೊಂದಿಗೆ ಬರಬೇಕು. ಅಲ್ಲಿ ನೀರು ಹಾಕಿ ಮೆದು ಮಾಡಿದರೆ ಅದು ಮಣ್ಣಿನ ಮಡಕೆ, ಹಿತ್ತಾಳೆ ಅಲ್ಲ. ಪಕ್ಕದಲ್ಲಿ ಟೊಮೆಟೊ ಇಟ್ಟರೆ ಅದರ ಕೆಂಪು ಚೊಂಬಿನ ಹೊಟ್ಟೆಯಲ್ಲಿ ಕಾಣುತ್ತದೆ. ಅದನ್ನೂ ಬಿಡಬೇಡಿ. ಕೋಲಾರದ ಮನೆಯಲ್ಲಿ ಟೊಮೆಟೊ ಇಲ್ಲದ ಅಡುಗೆಮನೆ ಎಲ್ಲಿದೆ, ಅಲ್ವಾ?

ಜಲವರ್ಣ ಒಣಗಿದಾಗ ಪೇಲವವಾಗುತ್ತದೆ. ಹಚ್ಚುವಾಗ ಸ್ವಲ್ಪ ಗಾಢವಾಗಿಯೇ ಇರಲಿ. ಬೇಸಿಗೆಯಲ್ಲಿ ನಮ್ಮ ಕಡೆ ಹವೆ ಒಣ, ಬ್ರಷ್ ತಿರುಗಿಸುವಷ್ಟರಲ್ಲಿ ಅಂಚು ಒಣಗಿರುತ್ತದೆ. ಅದಕ್ಕೇ ದೊಡ್ಡ ಜಾಗಕ್ಕೆ ಬೆಳಿಗ್ಗೆ ಬೇಗ ಬಣ್ಣ ಹಚ್ಚುತ್ತೇನೆ, 300 ಜಿಎಸ್‌ಎಂನ (ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಮೇಲೆ. ತೆಳು ಕಾಗದ ನೀರಿಗೆ ಉಬ್ಬುತ್ತದೆ.

ಮುದ್ದೆ ಕೋಲಿಗೆ ಕ್ರಮ ಉಲ್ಟಾ. ತೀರಾ ತೆಳು ಗೆರೆಯಲ್ಲಿ ಆಕಾರ ಹಿಡಿದು ಸೀದಾ ಬಣ್ಣ ಹಚ್ಚುತ್ತೇನೆ. ಪೂರ್ತಿ ಒಣಗಿದ ಮೇಲೆ 2ಬಿ ಪೆನ್ಸಿಲ್ ಹಿಡಿದು ಮರದ ಎಳೆ, ತುದಿಯ ಸೀಳು ಬರೆಯುವುದು. ಒಣಗಿದ ಬಣ್ಣದ ಮೇಲಿನ ಗೆರೆ ಒರಟಾಗಿ ಕೂರುತ್ತದೆ, ಮರಕ್ಕೆ ಅದೇ ಬೇಕು. ಕೈ ಹಿಡಿದು ಹಿಡಿದು ನುಣುಪಾದ ಭಾಗಕ್ಕೆ ಮಾತ್ರ ಪೆನ್ಸಿಲ್ ತಾಗಿಸುವುದಿಲ್ಲ.